ಕಾಡಪ್ಪನವರ ಬಲಗೆನ್ನೆ

ಮನುಷ್ಯನಿಗೆ ಎರಡು ಕೆನ್ನೆಗಳಿವೆ ಎಂಬ ಸಂಗತಿಯನ್ನು ಕಾಡಪ್ಪನವರು ತಮ್ಮ ಐವತ್ತಾರನೆಯ ವಯಸ್ಸಿನವರೆಗೂ ವಿಶೇಷವಾಗಿ ಗಮನಿಸಿರಲಿಲ್ಲ. ಅವರ ಮಟ್ಟಿಗೆ ಮುಖವೆಂದರೆ ಬೆಳಿಗ್ಗೆ ಒಮ್ಮೆ ನೀರು ತೋರಿಸಿ, ವಿಭೂತಿ ಹಚ್ಚಿ, ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಗೆ ಒಯ್ದು, ಸಂಜೆ ಮರಳಿ ಮನೆಗೆ ತರುವ ಒಂದು ಸಾಮಾನು. ಮುದ್ದೇಬಿಹಾಳದ ಕಡೆಯಿಂದ ಪುಣೆಗೆ ಬಂದು ಇಪ್ಪತ್ತಾರು ವರ್ಷ ಅದೇ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿದ್ದರು. ಇಷ್ಟು ವರ್ಷಗಳಲ್ಲಿ ಆ ಮುಖದ ಬಗ್ಗೆ ಯಾರೂ ಒಳ್ಳೆಯ ಮಾತನ್ನೂ ಆಡಿರಲಿಲ್ಲ, ಕೆಟ್ಟ ಮಾತನ್ನೂ ಆಡಿರಲಿಲ್ಲ.

ಹಡಪಸರದ ಪ್ರಾಜಕ್ತಾ ಸೊಸೈಟಿಯಲ್ಲಿ ಮುಖದ ಮಾತಿರಲಿ, ಅವರಿಗೆ ಹೆಸರೂ ಇರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಬಿ ಕಟ್ಟಡದ ಹನ್ನೊಂದನೆಯ ಮನೆಯಲ್ಲಿದ್ದರು. ಹಾಗಾಗಿ ವಾಚ್‌ಮನ್‌ನಿಂದ ಹಿಡಿದು ಸೆಕ್ರೆಟರಿಯವರೆಗೆ ಎಲ್ಲರಿಗೂ ಅವರು ಮರಾಠಿಯಲ್ಲಿ 'ಬಿ-ಅಕರಾ', ಅಂದರೆ ಬಿ-ಹನ್ನೊಂದು. 'ಬಿ-ಅಕರಾ, ನಿಮ್ಮ ಬಚ್ಚಲು ಸೋರುತ್ತಿದೆ.' 'ಬಿ-ಅಕರಾ, ಸ್ಕೂಟರ್ ಸರಿಸಿ.' ಗಣಪತಿ ಹಬ್ಬದಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಆರತಿಗೆ ಕರೆಯುವಾಗಲೂ ಮೈಕಿನಲ್ಲಿ ಬಂದದ್ದು ಬಿ-ಅಕರಾ. ಗಣಪತಿಯೂ ತಮ್ಮನ್ನು ಹಾಗೆಯೇ ಗುರುತಿಟ್ಟುಕೊಂಡಿರಬಹುದು ಎಂಬ ಅನುಮಾನ ಕಾಡಪ್ಪನವರಿಗಿತ್ತು. ಇದರಿಂದ ಅವರಿಗೆ ನಿಜವಾಗಿಯೂ ನೋವಾಗುತ್ತಿತ್ತು. ಒಂದು ದಿನ ಹೆಂಡತಿಯ ಮುಂದೆ ಹೇಳಿಯೂಬಿಟ್ಟರು.

"ಹತ್ತೊಂಬತ್ತ ವರ್ಷ ಆತು. ಒಬ್ಬರರೆ ಕಾಡಪ್ಪ ಅಂತ ಕರದಾರೇನು?"

"ನಾನ ಕರಿಯೂದಿಲ್ಲ, ಅವರ್ಯಾಕ ಕರೀತಾರ," ಎಂದು ರುದ್ರವ್ವ ರೊಟ್ಟಿ ತಟ್ಟುವುದನ್ನು ಮುಂದುವರಿಸಿದರು. ಗಂಡನ ಹೆಸರು ಹೇಳುವ ಪದ್ಧತಿ ಅವರ ಮನೆತನದಲ್ಲಿ ಇರಲಿಲ್ಲ.

ಕಾಡಪ್ಪನವರ ಅಣ್ಣನ ಮಗಳು ನೀತಾ ಇವರ ಮನೆಯಲ್ಲೇ ಇದ್ದು ಒಂದು ಪ್ರಯೋಗಶಾಲೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಮುಖದ ಕ್ರೀಮು, ತಲೆಯ ಎಣ್ಣೆ ಇತ್ಯಾದಿಗಳು ಅಂಗಡಿಗೆ ಬರುವ ಮೊದಲು ಅವುಗಳಿಂದ ಯಾರಿಗಾದರೂ ತುರಿಕೆ ಏಳುತ್ತದೆಯೇ, ಡಬ್ಬಿಯ ಮೇಲೆ ಬರೆದ ಗುಣ ಅವುಗಳಲ್ಲಿ ಇದೆಯೇ ಎಂದು ಪರೀಕ್ಷಿಸುವುದು ಅಲ್ಲಿನ ಕೆಲಸ. ಏಪ್ರಿಲ್ ಕೊನೆಯ ಒಂದು ಸಂಜೆ ಅವಳು ಎರಡು ಡಬ್ಬಿ, ಒಂದು ಸೋಪು, ನಾಲ್ಕು ಪುಟದ ಒಂದು ಫಾರ್ಮು ಹಿಡಿದುಕೊಂಡು ಬಂದಳು.

"ಕಾಕಾ, ಐವತ್ತ ದಾಟಿದ, ಒಣ ಚರ್ಮದ ನಲವತ್ತ ಮಂದಿ ಬೇಕಾಗ್ಯಾರ. ಮೂವತ್ತೊಂಬತ್ತ ಸಿಕ್ಕಾರ. ನೀವು ಬರ್ತೀರೇನ್ರಿ?"

"ನಂದು ಒಣ ಚರ್ಮ ಅಂತ ನಿನಗ ಯಾರ ಹೇಳಿದ್ರು?"

"ನೋಡಿದ್ರ ಗೊತ್ತಾಗ್ತದ್ರಿ."

ನೀತಾ ವಿವರಿಸಿದಳು. ಕೆಂಪು ಮುಚ್ಚಳದ ಡಬ್ಬಿ ಬಲಗೆನ್ನೆಗೆ, ನೀಲಿ ಮುಚ್ಚಳದ್ದು ಎಡಗೆನ್ನೆಗೆ. ಎರಡೂ ಒಂದೇ ಕ್ರೀಮು, ಆದರೆ ಒಂದರಲ್ಲಿ ಮಾತ್ರ ಅರ್ಜುನ ಮರದ ತೊಗಟೆಯಿಂದ ತೆಗೆದ ಸತ್ವ ಬೆರೆಸಿದ್ದಾರೆ. ಮೊದಲು ಮೊಣಕೈ ಒಳಬದಿಗೆ ಚೂರು ಹಚ್ಚಿ ಒಂದು ದಿನ ಕಾಯಬೇಕು. ಏನೂ ಆಗದಿದ್ದರೆ ಆರು ವಾರ ಬೆಳಿಗ್ಗೆ ಸಂಜೆ ಆ ಸೋಪಿನಿಂದ ಮುಖ ತೊಳೆದು ಹಚ್ಚಬೇಕು. ಬಿಸಿಲಿಗೆ ಹೋಗುವಾಗ ಟೊಪ್ಪಿಗೆ ಹಾಕಬೇಕು.

"ತೊಗಟಿ ಯಾವುದರಾಗ ಅದ?"

"ನನಗೂ ಗೊತ್ತಿಲ್ರಿ. ಪಟ್ಟಿ ಲಕೋಟಿ ಒಳಗ ಮುಚ್ಚಿಟ್ಟಾರ. ಹಚ್ಚಕೊಳ್ಳೋರಿಗೆ ಮೊದಲ ಗೊತ್ತಾದ್ರ, ಗುಣ ಆಗದಿದ್ರೂ ಆಗೇದ ಅಂತಾರ."

ಎಂಥ ಮೂರ್ಖ ಮಂದಿ ಇರುತ್ತಾರೆ ಎಂದು ಕಾಡಪ್ಪನವರು ತಲೆಯಾಡಿಸಿದರು. ನೀತಾ ಆಚೆ ಹೋದ ಮೇಲೆ ಎರಡೂ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕುಳಿತರು. ಪ್ರಸಾದ ತೆಗೆದುಕೊಳ್ಳುವುದು ಬಲಗೈಯಲ್ಲಿ. ಹೊಸ ಮನೆಗೆ ಇಡುವುದು ಬಲಗಾಲು. ಬೆಲ್ಲದ ಮೊದಲ ಪೆಂಟೆಯನ್ನು ತಕ್ಕಡಿಗೆ ಇಡುವುದೂ ಬಲಗೈಯಿಂದ. ಹೀಗಿರುವಾಗ ಮರದ ತೊಗಟೆಯಂಥ ಪವಿತ್ರ ಪದಾರ್ಥವನ್ನು ಓದಿದ ಮಂದಿ ಎಡಗಡೆಗೆ ಕೊಡುವುದುಂಟೇ. ಲಕೋಟೆ ಒಡೆಯದೆಯೇ ವಿಷಯ ಇತ್ಯರ್ಥವಾಯಿತು. ಅಂದಿನಿಂದ ಬಲಗೆನ್ನೆಗೆ ಎರಡು ಬೆರಳಿನಲ್ಲಿ ಕ್ರೀಮು, ಜೊತೆಗೆ ಸಣ್ಣ ದನಿಯಲ್ಲಿ ಶಿವನಾಮ. ಎಡಗೆನ್ನೆಗೆ ಎಡಗೈಯಿಂದ ಒಮ್ಮೆ ಸವರಿದರೆ ಮುಗಿಯಿತು.

ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಶೈಲಾ ಸಿಕ್ಕಳು. ಬೆಂಗಳೂರಿನ ಹುಡುಗಿ, ಅದೇ ಮಹಡಿಯವಳು. ಹಿಂಜವಾಡಿಯ ಕಂಪನಿಯೊಂದರ ಕ್ಯಾಬ್ ಹಿಡಿಯಲು ದಿನವೂ ಏಳಕ್ಕೇ ಓಡುವವಳು ಅಂದು ಕಾಡಪ್ಪನವರನ್ನು ನೋಡಿ ನಿಂತಳು.

"ಅಂಕಲ್, ನಿಮ್ಮ ಸ್ಕಿನ್ ಸಕ್ಕತ್ತಾಗಿ ಆಗಿದ್ಯಲ್ಲ. ಏನ್ ಯೂಸ್ ಮಾಡ್ತಿದೀರಾ?"

ಕಾಡಪ್ಪನವರು ಇಲ್ಲಿ 'ನಮ್ಮ ನೀತಾ ಏನೋ ಕೊಟ್ಟಾಳವಾ' ಎಂದಿದ್ದರೆ ಈ ಕಥೆ ಲಿಫ್ಟಿನಲ್ಲೇ ಮುಗಿಯುತ್ತಿತ್ತು. ಆದರೆ ಹತ್ತೊಂಬತ್ತು ವರ್ಷಗಳಲ್ಲಿ ಸೊಸೈಟಿಯ ಒಬ್ಬರು ಅವರ ಬಚ್ಚಲನ್ನೂ ಸ್ಕೂಟರನ್ನೂ ಬಿಟ್ಟು ಅವರನ್ನೇ ಕುರಿತು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಅದು ನಮ್ಮ ಮನೆತನದ್ದು ಔಷಧವಾ. ಅರ್ಜುನ ಗಿಡದ ತೊಗಟಿ. ನಮ್ಮ ಮುತ್ಯಾ ದೊಡ್ಡ ವೈದ್ಯ ಇದ್ದ. ಹತ್ತ ಹಳ್ಳಿ ಮಂದಿ ಬರ್ತಿದ್ರು."

ಅವರ ಮುತ್ಯಾ, ಅಂದರೆ ಅಜ್ಜ, ಹತ್ತು ಹಳ್ಳಿಯ ಎತ್ತುಗಳಿಗೆ ಲಾಳ ಹೊಡೆಯುತ್ತಿದ್ದವರು. ಹಳ್ಳಿಯ ಲೆಕ್ಕವಾದರೂ ಸರಿಯಾಗಿತ್ತು. ಲಿಫ್ಟು ಮೂರನೆಯ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ ಆ ಮುತ್ಯಾ ತಾಳೆಗರಿ ಓದಿ, ಕಾಡು ಅಲೆದು, ಯಾರೋ ಸಂಸ್ಥಾನಿಕರ ಗಾಯ ಮಾಯಿಸಿ ಮುಗಿಸಿದ್ದರು.

"ಬರೇ ಬಲಗಡಿ ಹಚ್ಚೀನಿ, ಪರೀಕ್ಷಾ ಮಾಡ್ಲಿಕ್ಕೆ. ಎಡಗಡಿ ಸಾದಾ ಕ್ರೀಮು. ನೀನ ನೋಡಿ ಹೇಳು."

ಶೈಲಾ ಬಲಗಡೆ ನೋಡಿದಳು, ಎಡಗಡೆ ನೋಡಿದಳು. "ಅಯ್ಯೋ ಹೌದು ಅಂಕಲ್, ಡಿಫರೆನ್ಸ್ ಕ್ಲಿಯರ್ ಆಗಿ ಕಾಣ್ಸುತ್ತೆ," ಎಂದು ಎರಡೂ ಕೆನ್ನೆಗಳ ಫೋಟೋ ತೆಗೆದುಕೊಂಡು ಕ್ಯಾಬ್ ಹತ್ತಿದಳು. ಅದು ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತಿತು. ಆ ಒಂದೂವರೆ ಗಂಟೆಯಲ್ಲಿ ಸೊಸೈಟಿಯ ವಾಟ್ಸಾಪ್ ಗುಂಪಿನ ನೂರಾ ಹನ್ನೆರಡು ಮಂದಿ ಕಾಡಪ್ಪನವರ ಕೆನ್ನೆಗಳನ್ನು ನೋಡಿ, ದೊಡ್ಡದು ಮಾಡಿ ನೋಡಿ, ಬಲಗೆನ್ನೆಯೇ ಹೆಚ್ಚು ಹೊಳೆಯುತ್ತಿದೆ ಎಂದು ಒಮ್ಮತಕ್ಕೆ ಬಂದರು. ನೀರಿನ ಟ್ಯಾಂಕರ್ ವಿಷಯದಲ್ಲಿ ಆ ಗುಂಪಿಗೆ ಇಂಥ ಒಮ್ಮತ ಎಂದೂ ಬಂದಿರಲಿಲ್ಲ.

ಸಂಜೆ ಸೆಕ್ರೆಟರಿ ಭುಜಂಗರಾಯರು ಸ್ವತಃ ಮೂರು ಮಹಡಿ ಹತ್ತಿ ಬಂದರು. ಸೊಲ್ಲಾಪುರದವರು, ಕನ್ನಡ ಚೆನ್ನಾಗಿ ಬಲ್ಲವರು, ಆದರೆ ಇಷ್ಟು ವರ್ಷ ಅದನ್ನು ಕಾಡಪ್ಪನವರ ಮೇಲೆ ಖರ್ಚು ಮಾಡಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದರು.

"ಬಿ-ಅಕರಾ, ನಿಮ್ಮ ಹೆಸರ ಏನ್ರಿ?"

"ಕಾಡಪ್ಪ," ಎಂದರು ಕಾಡಪ್ಪನವರು.

"ಕಾಡಪ್ಪ ಕಾಕಾ," ಎಂದು ಭುಜಂಗರಾಯರು ಹೇಳಿ ನೋಡಿದರು. "ನಮ್ಮ ಸೊಸಾಯಟಿಯೊಳಗ ಇಂಥಾ ವೈದ್ಯರು ಇದ್ದೀರಿ, ನಮಗ ಗೊತ್ತ ಇಲ್ಲ ನೋಡ್ರಿ."

ಮರುದಿನದಿಂದ ಪ್ರಾಜಕ್ತಾ ಸೊಸೈಟಿಯಲ್ಲಿ ಬಿ-ಅಕರಾ ಎಂಬ ಮನುಷ್ಯ ಇಲ್ಲವಾದ. ವಾಚ್‌ಮನ್ ಎದ್ದು ನಿಂತು 'ಕಾಡಪ್ಪ ಕಾಕಾ, ನಮಸ್ಕಾರ' ಅಂದ. ಹಾಲಿನವನು ಅಂದ. ಎ ಕಟ್ಟಡದ ನಾಲ್ವರು ಹೆಂಗಸರು ಬಂದು ಹೆಸರು ಹಿಡಿದು ಕರೆದು, ಮೂಗಿನ ಮೇಲಿನ ಕಪ್ಪು ಕಲೆ ತೋರಿಸಿದರು. ಕಾಡಪ್ಪನವರು ಈಗ ಎಲ್ಲಿ ಕೂತರೂ ಬಲಗೆನ್ನೆ ಜನರ ಕಡೆಗೆ ಇರುವಂತೆ ಕೂರತೊಡಗಿದರು. ಬಸ್ಸಿನಲ್ಲಿ ಎಡಗಡೆಯ ಕಿಟಕಿ, ಸಭೆಯಲ್ಲಿ ಎಡಗಡೆಯ ಕುರ್ಚಿ. ಮಾತಾಡುವಾಗ ಎದುರಿನವರನ್ನು ನೋಡುತ್ತಲೇ ಇರಲಿಲ್ಲ.

"ಕುತಗಿ ಉಳಕೇದೇನ್ರಿ?" ಎಂದು ರುದ್ರವ್ವ ಕೇಳಿದರು.

"ನಿನಗ ತಿಳಿಯೂದಿಲ್ಲ ಬಿಡು."

"ಮುತ್ಯಾ ಲಾಳ ಹೊಡಿಯೂದು ಬಿಟ್ಟು ವೈದ್ಯಕಿ ಯಾವಾಗ ಕಲತ್ರು ಅದೂ ತಿಳಿವಲ್ದು," ಎಂದು ರುದ್ರವ್ವ ಒಳಗೆ ಹೋದರು.

ಸೊಸೈಟಿಯ ಹಿಂದೆ, ನೀರಿನ ಟಾಕಿಯ ಪಕ್ಕದಲ್ಲಿ ಒಂದು ಅರ್ಜುನ ಮರವಿತ್ತು. ಅಲ್ಲಿಯವರೆಗೆ ಅದರ ಕೆಳಗೆ ಕಾರು ನಿಲ್ಲಿಸುವುದರ ಹೊರತು ಯಾರಿಗೂ ಅದರಿಂದ ಉಪಯೋಗವಿರಲಿಲ್ಲ. ಈಗ ಬೆಳಗಿನ ವಾಕಿಂಗಿನವರು ಉಗುರಿನಿಂದ ಕೆರೆಯತೊಡಗಿದರು. ಮಧ್ಯಾಹ್ನ ಚಾಕು ಬಂತು. ಮೂರನೆಯ ದಿನ ಯಾರೋ ಕಾಯಿ ತುರಿಯುವ ಈಳಿಗೆಯನ್ನೇ ತಂದಿದ್ದರು. ತೊಗಟೆ ಕೈಗೆ ಬಂದ ಮೇಲೆ ಎಲ್ಲರೂ ಕಾಡಪ್ಪನವರ ಬಳಿ ಬಂದು, ಇದನ್ನು ಮುಂದೇನು ಮಾಡುವುದು ಎಂದು ಕೇಳಿದರು. ಅದು ಅವರಿಗೆ ಹೇಗೆ ಗೊತ್ತಿರಬೇಕು. ಸಮಯ ಸಿಗಲಿ ಎಂದು ಒಂದು ಶಾಸ್ತ್ರ ಹೇಳಿದರು.

"ಇಪ್ಪತ್ತೊಂದ ದಿನ ನೆರಳಾಗ ಒಣಗಬೇಕ್ರಿ. ಅದಕ್ಕೂ ಮೊದಲ ಮುಟ್ಟಬಾರದು."

ಹೀಗೆ ಮೇ ತಿಂಗಳಿನಲ್ಲಿ ಎಲ್ಲ ಬಾಲ್ಕನಿಗಳಲ್ಲಿ ಹಪ್ಪಳ ಸಂಡಿಗೆಗಳ ಪಕ್ಕದಲ್ಲಿ ಮರದ ತೊಗಟೆಯೂ ಒಣಗತೊಡಗಿತು.

ಯಾರು ದೂರು ಕೊಟ್ಟರೋ, ಗಿಡಮರಗಳನ್ನು ನೋಡಿಕೊಳ್ಳುವ ಕಚೇರಿಯಿಂದ ಒಬ್ಬ ಸಾಹೇಬರು ಬಂದರು. ಟೇಪು ಹಿಡಿದು ಮರದ ಸುತ್ತಳತೆ ತೆಗೆದರು. ಕೆರೆದ ಜಾಗ ನೋಡಿ ಹುಬ್ಬು ಗಂಟಿಕ್ಕಿ, ಇದು ಯಾರ ಕೆಲಸ ಎಂದು ಮರಾಠಿಯಲ್ಲಿ ಗುಡುಗಿದರು. ನೆರೆದವರು ಕೈ ತೋರಿಸಲಿಲ್ಲ. ಬದಲಿಗೆ ಕಾಡಪ್ಪನವರನ್ನು ಮುಂದೆ ತಂದು, ಬಲಗೆನ್ನೆಯನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದರು. ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ನೋಡಿದರು.

"ಕಣ್ಣಿನ ಕೆಳಗಿನ ಕಪ್ಪಿಗೂ ನಡೆಯುತ್ತದೆಯೇ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಆಮೇಲೆ ಪುಸ್ತಕದಲ್ಲಿ 'ಮರ ಇದೆ' ಎಂದು ಬರೆದುಕೊಂಡು ಹೋದರು.

ಈ ಹೊತ್ತಿಗೆ ಕಾಡಪ್ಪನವರಿಗೆ ತಮ್ಮ ಮುತ್ಯಾನ ಮೇಲೆ ತಮಗೇ ನಂಬಿಕೆ ಬಂದಿತ್ತು. ಕ್ರೀಮಿನಲ್ಲಿ ನೂರಕ್ಕೆ ಒಂದೋ ಎರಡೋ ಪಾಲು ತೊಗಟೆ ಇದ್ದೇ ಇಷ್ಟು ಗುಣವಾದರೆ, ಪೂರ್ತಿ ತೊಗಟೆಯೇ ಆದರೆ ಏನಾಗಬಹುದು ಎಂದು ಯೋಚಿಸಿದರು. ಬೆಲ್ಲದ ಗುಮಾಸ್ತರ ತರ್ಕ. ಹೆಚ್ಚು ಹಾಕಿದಷ್ಟೂ ಸಿಹಿ. ಒಂದು ಭಾನುವಾರ ರುದ್ರವ್ವ ಸಂತೆಗೆ ಹೋದಾಗ ಗಂಧದ ಕಲ್ಲಿನ ಮೇಲೆ ಹಸಿ ತೊಗಟೆಯನ್ನು ತೇಯ್ದು, ಮಣಿಕಟ್ಟಿನಿಂದ ಮೊಣಕೈವರೆಗೆ ಬಲಗೈಗೆ ದಪ್ಪವಾಗಿ ಬಳಿದುಕೊಂಡರು. ನೀತಾ ಹೇಳಿದ್ದ ಚೂರು ಹಚ್ಚಿ ಒಂದು ದಿನ ಕಾಯುವ ಮಾತು ವೈದ್ಯರ ಮೊಮ್ಮಗನಿಗೆ ಅನ್ವಯಿಸುವುದಿಲ್ಲ ಎಂದುಕೊಂಡರು.

ಸೋಮವಾರ ಬೆಳಿಗ್ಗೆ ಕೈ ತುಂಬ ಕೆಂಪು ಗಂದೆಗಳು. ತುರಿಸಿದರೆ ಉರಿ, ತುರಿಸದಿದ್ದರೆ ಜೀವ ಹೋಗುವಷ್ಟು ತುರಿಕೆ. ಕಾಡಪ್ಪನವರು ಯಾರಿಗೂ ಹೇಳಲಿಲ್ಲ. ಮದುವೆಗೆ ಹೊಲಿಸಿದ್ದ ತುಂಬುತೋಳಿನ ಅಂಗಿಗಳನ್ನು ಟ್ರಂಕಿನಿಂದ ತೆಗೆದು, ಸೆಕೆಯಲ್ಲಿ ಗುಂಡಿ ಹಾಕಿಕೊಂಡು ಓಡಾಡತೊಡಗಿದರು. ದೊಡ್ಡ ವೈದ್ಯರು ಹೀಗೇ ಗಂಭೀರವಾಗಿ ಇರುತ್ತಾರೆ ಎಂದು ಎ ಕಟ್ಟಡದವರು ಮಾತಾಡಿಕೊಂಡರು.

ಜೂನ್ ಎರಡನೆಯ ವಾರ ಭುಜಂಗರಾಯರು ಸಭೆ ಕರೆದರು. ಪ್ರತಿವರ್ಷ ಪಂಢರಪುರಕ್ಕೆ ಹೋಗುವ ಪಾಲಖಿ, ಅಂದರೆ ಪಲ್ಲಕ್ಕಿಯ ಯಾತ್ರೆ, ಪುಣೆಯಾಚೆಯ ಸಾಸವಡದಲ್ಲಿ ತಂಗಿದಾಗ ಸೊಸೈಟಿಯವರು ಬಸ್ಸು ಮಾಡಿಕೊಂಡು ಹೋಗಿ ಅದರೊಂದಿಗೆ ನಡೆದು ಬಂದ ವಾರಕರಿಗಳ ಕಾಲು ಒತ್ತಿ, ಎಣ್ಣೆ ಹಚ್ಚಿ ಬರುವುದು ರೂಢಿ.

"ಪ್ರತಿವರ್ಷ ಕೊಬ್ಬರಿ ಎಣ್ಣಿ ಹಚ್ಚತೀವಿ," ಎಂದರು ಭುಜಂಗರಾಯರು. "ಈ ವರ್ಷ ಕಾಡಪ್ಪ ಕಾಕಾ ಅವರ ತೊಗಟಿ ಎಣ್ಣಿ. ಶನಿವಾರ ಮುಂಜಾನೆ ಗಿಡದ ಸುತ್ತಲೂ ಆಳೆತ್ತರ ತೊಗಟಿ ಬಿಚ್ಚೂಣು. ಎರಡ ಚೀಲ ಆಗ್ತದ. ಎಣ್ಣಿಯೊಳಗ ಕುದಿಸಿ ಭಾನುವಾರ ಒಯ್ಯೂಣು. ಐದನೂರ ಮಂದಿ ಕಾಲಿಗೆ ಸಾಕಾಗ್ತದ."

"ಇಪ್ಪತ್ತೊಂದ ದಿನ ನೆರಳು…" ಎಂದು ಕಾಡಪ್ಪನವರು ತೊದಲಿದರು.

"ದೇವರ ಕೆಲಸಕ್ಕ ಹಸೀದು ನಡೀತದ ಕಾಕಾ."

ಮರುದಿನವೇ ಗೇಟಿಗೆ ಬ್ಯಾನರ್ ಬಂತು. ಆರು ಅಡಿ ಉದ್ದ. ಒಂದು ಕಡೆ ಕಾಡಪ್ಪನವರ ಬಲಗೆನ್ನೆ, ಇನ್ನೊಂದು ಕಡೆ ಗೇಣಿನಷ್ಟು ದೊಡ್ಡ ಅಕ್ಷರಗಳಲ್ಲಿ ಅವರ ಹೆಸರು. ಮರಾಠಿಯಲ್ಲೂ ಕನ್ನಡದಲ್ಲೂ ಇತ್ತು. ಆ ದಿನ ಕಾಡಪ್ಪನವರು ಅಂಗಡಿಯಿಂದ ಬಂದವರು ಮನೆಗೆ ಹೋಗದೆ ಬ್ಯಾನರಿನ ಮುಂದೆ ಬಹಳ ಹೊತ್ತು ನಿಂತಿದ್ದರು. ಜನರು ಓದುತ್ತ ಹೋಗುತ್ತಿದ್ದರು. ತಮ್ಮ ಜೀವನದಲ್ಲಿ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ ಎಂದು ಅವರಿಗೆ ಅನ್ನಿಸಿತು. ತೋಳಿನೊಳಗೆ ಕೈ ತುರಿಸುತ್ತಿತ್ತು.

ಗುರುವಾರ ಸಂಜೆ ನೀತಾ ಪ್ರಯೋಗಶಾಲೆಯಿಂದ ಬಂದು, ಚಪ್ಪಲಿ ಬಿಡುತ್ತಲೇ ಹೇಳಿದಳು.

"ಕಾಕಾ, ಲಕೋಟಿ ಒಡದ್ರು. ನಿಮ್ಮದು ಹದಿನೇಳನೇ ನಂಬರ್. ತೊಗಟಿ ಇದ್ದದ್ದು ನೀಲಿ ಡಬ್ಬಿಯೊಳಗ. ಎಡಗಡಿ."

ಕಾಡಪ್ಪನವರು ಕುರ್ಚಿಯ ಹಿಡಿಕೆ ಹಿಡಿದುಕೊಂಡರು. "ಎಡಗಡಿ ಹೆಂಗ ಕೊಡ್ತಾರವಾ? ಓದಿದ ಮಂದಿ?"

"ಚೀಟಿ ಎತ್ತತಾರ್ರಿ. ಅರ್ಧ ಮಂದಿಗೆ ಬಲಗಡಿ, ಅರ್ಧ ಮಂದಿಗೆ ಎಡಗಡಿ. ನಲವತ್ತರಾಗ ಒಬ್ಬರಿಗೂ ತುರಿಕಿ ಬಂದಿಲ್ಲ. ತೊಗಟಿ ಹಚ್ಚಿದ ಕಡಿ ತ್ಯಾವ ಒಂಚೂರು ಜಾಸ್ತಿ ನಿಂತದ. ಮಶೀನಿಗೆ ಕಾಣತದ, ಕಣ್ಣಿಗೆ ಕಾಣಸೂದು ಕಷ್ಟ."

"ಹಂಗಾದ್ರ ನನ್ನ ಬಲಗೆನ್ನಿ ಮಿಂಚಿದ್ದು?"

"ಎರಡೂ ಮಿಂಚ್ಯಾವ್ರಿ. ಆರ ವಾರ ದಿನಾ ಎರಡ ಸಲ ಮುಖ ತೊಳದೀರಲ್ಲ. ಬಿಸಲಾಗ ಟೊಪಗಿ ಹಾಕೀರಿ."

ಅಡುಗೆ ಮನೆಯಿಂದ ರುದ್ರವ್ವನ ದನಿ ಬಂತು. "ಮೂವತ್ತ ವರ್ಷದಿಂದ ಮುಖ ತೊಳಕೋರಿ ಅಂತ ಬಡಕೊಂಡೆ. ನಾ ಡಬ್ಬಿಯೊಳಗ ಹಾಕಿ ಕೊಡಬೇಕಾಗಿತ್ತು."

ಕಾಡಪ್ಪನವರು ಬಲಗೈಯ ಗುಂಡಿ ಬಿಚ್ಚಿ, ತೋಳು ಮಡಿಚಿ, ನೀತಾಳ ಮುಂದೆ ಹಿಡಿದರು. ನೀತಾಳ ನಗು ನಿಂತಿತು.

"ಹಸಿ ತೊಗಟಿ ಹಚ್ಚೀರೇನ್ರಿ? ಕಾಕಾ, ಕ್ರೀಮಿನಾಗ ಹಾಕೂದು ಇದಲ್ಲ. ಅದನ್ನ ತೊಳದು, ಸತ್ವ ತಗದು, ಸೋಸಿ, ಬೂಸ್ಟು ಐತೇನು ಹುಳ ಐತೇನು ನೋಡಿ, ತೂಕ ಮಾಡಿ ಹನಿ ಲೆಕ್ಕದಾಗ ಹಾಕತಾರ. ಇದು ಬರೇ ಗಿಡದ ಮ್ಯಾಗಿಂದು. ಚಲೋ ಇದ್ದ ಕೈಗೇ ಹಿಂಗಾಗೇದ."

"ಒಡದ ಹಿಮ್ಮಡಿಗೆ ಹಚ್ಚಿದ್ರ?"

ನೀತಾಳಿಗೆ ಬ್ಯಾನರಿನ ವಿಷಯ ಗೊತ್ತಿತ್ತು. "ಆ ಮಂದಿ ಸಾಸವಡದಿಂದ ಮುಂದ ಇನ್ನ ಹದಿನೈದ ದಿನ ನಡೀಬೇಕ್ರಿ," ಎಂದಳು. ಆ ಸಂಜೆ ಕಾಡಪ್ಪನವರು ಅರ್ಧ ರೊಟ್ಟಿ ತಿಂದು ಎದ್ದರು.

ಶುಕ್ರವಾರವೆಲ್ಲ ಅವರು ಸತ್ಯ ಹೇಳದೆ ಮರವನ್ನೂ ವಾರಕರಿಗಳ ಕಾಲನ್ನೂ ಉಳಿಸುವ ಉಪಾಯ ಹುಡುಕಿದರು. ಭುಜಂಗರಾಯರಿಗೆ ಫೋನ್ ಮಾಡಿ, ಶನಿವಾರ ತೊಗಟೆ ಬಿಚ್ಚಿದರೆ ಶನಿಯ ಕಾಟ ಅಂದರು. ಪಾಲಖಿ ಬಂದ ವಾರ ಶನಿಯೂ ರಜೆ ಹಾಕಿರುತ್ತಾನೆ ಎಂದು ಭುಜಂಗರಾಯರು ನಕ್ಕರು. ಗಿಡಮರಗಳ ಕಚೇರಿಗೆ ಫೋನ್ ಮಾಡಿ, ಮರಕ್ಕೆ ಅಪಾಯ ಇದೆ ಅಂದರು. ಅತ್ತಲಿಂದ ಅದೇ ಸಾಹೇಬರು ಪುಸ್ತಕ ತಿರುವಿ, 'ಮರ ಇದೆ ಅಂತ ನಮ್ಮಲ್ಲಿ ದಾಖಲಾಗಿದೆ, ಚಿಂತೆ ಬೇಡ' ಅಂದರು. ಕಾಡಪ್ಪನವರು ಫೋನ್ ಕೆಳಗಿಟ್ಟು ಬೆಲ್ಲದ ಪೆಂಟೆಗಳನ್ನು ನೋಡುತ್ತ ಕುಳಿತರು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮರದ ಕೆಳಗೆ ನಲವತ್ತು ಮಂದಿ ಸೇರಿದ್ದರು. ಗೇಟಿನಿಂದ ಬ್ಯಾನರ್ ಬಿಚ್ಚಿ ತಂದು ಟಾಕಿಗೆ ಕಟ್ಟಿದ್ದರು. ಎರಡು ಚೀಲ, ಒಂದು ದೊಡ್ಡ ಕಡಾಯಿ, ಮೂರು ಕುಡುಗೋಲು. ಭುಜಂಗರಾಯರು ಮರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಕುಡುಗೋಲನ್ನು ಕಾಡಪ್ಪನವರ ಕೈಗೆ ಕೊಟ್ಟರು.

ಕಾಡಪ್ಪನವರು ಅದನ್ನು ಹಿಡಿದುಕೊಂಡೇ ಹೇಳಿದರು. "ತೊಗಟಿ ಇದ್ದದ್ದು ಎಡಗೆನ್ನಿಗೆ ಹಚ್ಚಿದ್ದರಾಗ. ಬಲಗಡಿ ಸಾದಾ ಕ್ರೀಮು. ನಾ ತಪ್ಪ ಹೇಳೀನಿ."

ನಲವತ್ತು ಮಂದಿ ಒಟ್ಟಿಗೆ ಜಾಗ ಬದಲಿಸಿ ಎಡಗಡೆಗೆ ಬಂದರು. ಎಡಗೆನ್ನೆಯನ್ನು ನೋಡಿದರು.

"ಹೌದಲ್ರಿ," ಎಂದರು ಭುಜಂಗರಾಯರು ನಿಧಾನವಾಗಿ. "ಇದ ಹೆಚ್ಚ ಮಿಂಚತದ."

"ನಂಗೆ ಲಿಫ್ಟಲ್ಲೇ ಡೌಟ್ ಬಂದಿತ್ತು," ಎಂದಳು ಶೈಲಾ. "ನಿಮ್ಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಅಂಕಲ್."

ಎ ಕಟ್ಟಡದ ಹೆಂಗಸರು ತಮ್ಮ ತಮ್ಮ ಫೋನುಗಳಲ್ಲಿದ್ದ ಹಳೆಯ ಫೋಟೋ ತೆಗೆದು ನೋಡಿ, ಎಡಗಡೆಯದೇ ಹೊಳಪು ಎಂದು ಖಚಿತಪಡಿಸಿದರು. ಮೊದಲು ಬಲಗಡೆ ಎಂದವರು ಯಾರು ಎಂಬುದೇ ಯಾರಿಗೂ ನೆನಪಾಗಲಿಲ್ಲ.

"ಅಂದ್ರ ತೊಗಟಿ ಕೆಲಸ ಮಾಡತದ ಅನ್ನೂದು ಪಕ್ಕಾ ಆತು," ಎಂದು ಭುಜಂಗರಾಯರು ತೀರ್ಪು ಕೊಟ್ಟರು. "ಕಾಕಾ ಪ್ರಾಮಾಣಿಕ ಮನಷ್ಯಾ. ಬ್ಯಾನರಿಗೆ ಇನ್ನೊಂದ ಫೋಟೋ ಅಂಟಸೂಣು. ಹೂಂ, ಹಚ್ಚರಿ ಕುಡಗೋಲ."

ಕಾಡಪ್ಪನವರು ಬ್ಯಾನರಿನ ಕಡೆ ನೋಡಿದರು. ಅಕ್ಷರಗಳು ಬಿಸಿಲಿಗೆ ಚೆನ್ನಾಗಿ ಕಾಣುತ್ತಿದ್ದವು. ಗುಂಪಿನ ಹಿಂದೆ ರುದ್ರವ್ವ ಸೆರಗು ಹೊದ್ದು ನಿಂತಿದ್ದರು. ಕಾಡಪ್ಪನವರು ಕುಡುಗೋಲನ್ನು ಕೆಳಗಿಟ್ಟು, ಅಂಗಿಯ ಗುಂಡಿ ಬಿಚ್ಚಿ, ತೋಳನ್ನು ಮೊಣಕೈ ದಾಟುವವರೆಗೆ ಏರಿಸಿ, ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು.

"ಇದು ಈ ಗಿಡದ್ದ ತೊಗಟಿ ಹಚ್ಚಿದ ಕೈ. ಮೂರ ವಾರ ಆತು, ಇನ್ನೂ ಮಾಯವಲ್ದು. ಮುಖಕ್ಕ ಹಚ್ಚಿದ್ದು ನಮ್ಮ ನೀತಾನ ಪ್ರಯೋಗಶಾಲಿ ಕ್ರೀಮು. ಮನೆತನದ್ದು ಅಲ್ಲ. ನಮ್ಮ ಮುತ್ಯಾ ವೈದ್ಯನೂ ಅಲ್ಲ. ಎತ್ತಿಗೆ ಲಾಳ ಹೊಡೀತಿದ್ದ. ಪಾಪ, ನಡಿಯೋರ ಕಾಲಿಗೆ ಇದನ್ನ ಹಚ್ಚಬ್ಯಾಡ್ರಿ."

ಕೆನ್ನೆಯ ವಿಷಯದಲ್ಲಿ ಬೇಕಾದ್ದನ್ನು ಕಾಣಬಲ್ಲ ಕಣ್ಣುಗಳೂ ಆ ಕೈಯಲ್ಲಿ ಗಂದೆಯನ್ನೇ ಕಂಡವು. ಎ ಕಟ್ಟಡದ ಹೆಂಗಸರು ತಮ್ಮ ತಮ್ಮ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು. ಯಾರೋ ಚೀಲ ಮಡಿಚಿದರು. ಶೈಲಾಳ ಕ್ಯಾಬಿಗೆ ಅಂದು ರಜೆ ಇದ್ದರೂ ಅವಳು ಕ್ಯಾಬ್ ಬಂತು ಎಂದು ಹೋದಳು. ಭುಜಂಗರಾಯರು ಬಹಳ ಹೊತ್ತು ಮರವನ್ನು ನೋಡಿ, ಒಡೆದ ಕಾಯಿಯ ಎರಡು ಹೋಳು ಎತ್ತಿಕೊಂಡು, "ಕೊಬ್ಬರಿ ಎಣ್ಣಿ ಒಯ್ಯೂಣು ಹಂಗಾರ," ಎಂದರು. ಸಂಜೆಯೊಳಗೆ ಬಾಲ್ಕನಿಗಳಲ್ಲಿ ಹಪ್ಪಳ ಮಾತ್ರ ಉಳಿದವು. ಬ್ಯಾನರ್ ಎಲ್ಲಿ ಹೋಯಿತೆಂದು ಕಾಡಪ್ಪನವರು ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ಭುಜಂಗರಾಯರು ಪಟ್ಟಿ ಹಿಡಿದು ಕೂಗಿದರು. "ಎ-ಎರಡು ಪಾಟೀಲ ಸಾಹೇಬರು. ಬಿ-ಮೂರು ಮನೋಹರರಾವ್. ಬಿ-ಅಕರಾ."

"ಇದ್ದೀನ್ರಿ," ಎಂದರು ಕಾಡಪ್ಪನವರು. ಅರ್ಧತೋಳಿನ ಅಂಗಿ ಹಾಕಿದ್ದರು. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು, ದಿವೆ ಘಾಟು ಹತ್ತುವವರೆಗೂ ಹೊರಗೆ ನೋಡುತ್ತಿದ್ದರು. ರುದ್ರವ್ವ ಬುತ್ತಿಯ ಗಂಟಿನಿಂದ ಶೇಂಗಾ ಹೋಳಿಗೆ ತೆಗೆದು ಅವರ ಕೈಯಲ್ಲಿಟ್ಟರು. ಹಬ್ಬವಿಲ್ಲದ ದಿನ ಅದನ್ನು ಏಕೆ ಮಾಡಿದ್ದರೋ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಸಾಸವಡದಲ್ಲಿ ಎಲ್ಲಿ ನೋಡಿದರೂ ಬಿಳಿ ಟೊಪ್ಪಿಗೆ, ತುಳಸಿಯ ಕುಂಡ, ಭಜನೆ. ಸೊಸೈಟಿಯವರು ಒಂದು ಶಾಲೆಯ ಅಂಗಳದಲ್ಲಿ ಚಾಪೆ ಹಾಸಿ ಸಾಲಾಗಿ ಕೂತರು. ಕಾಡಪ್ಪನವರು ತಲೆ ಎತ್ತದೆ, ಮುಂದೆ ಬಂದ ಕಾಲುಗಳನ್ನು ಒಂದಾದ ಮೇಲೊಂದು ಒತ್ತತೊಡಗಿದರು. ಕೈಯ ಉರಿ ಮರೆತಿತ್ತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕಿ 'ಯವ್ವಾ' ಎನ್ನುತ್ತ ಬಂದು ಕೂತು ಕಾಲು ಚಾಚಿದಳು. ಹಿಮ್ಮಡಿಗಳು ಬೆರಳು ತೂರುವಷ್ಟು ಒಡೆದಿದ್ದವು. ಕಾಡಪ್ಪನವರು ಆ ಬಿರುಕುಗಳನ್ನು ನೋಡಿ, ನಿನ್ನೆಯ ಎರಡು ಚೀಲಗಳನ್ನು ನೆನೆದು, ತಮ್ಮಷ್ಟಕ್ಕೆ ಒಮ್ಮೆ ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ ಎಣ್ಣೆ ಹಚ್ಚಿದರು.

"ಯಾವ ಊರ ಆಯಿ ನಿಮ್ಮದು?" ಎಂದು ಕನ್ನಡದಲ್ಲಿ ಕೇಳಿದರು.

"ಆಳಂದ ಕಡೀದು. ಸಕ್ಕುಬಾಯಿ ಅಂತಾರ ನನಗ." ಮುದುಕಿ ಅವರನ್ನೇ ನೋಡುತ್ತಿದ್ದಳು. ಆಕೆ ಲಿಫ್ಟಿನಲ್ಲಿ ಇರಲಿಲ್ಲ, ಗುಂಪಿನಲ್ಲಿ ಇರಲಿಲ್ಲ, ಬ್ಯಾನರನ್ನೂ ಕಂಡವಳಲ್ಲ. "ಯಪ್ಪಾ, ನಿನ್ನ ಎಡಗೆನ್ನಿ ಅದೇನ ಹಂಗ ಮಿಂಚಾಕತ್ತದ? ಏನ ಹಚ್ಚತೀ?"

ಸಾಲಿನುದ್ದಕ್ಕೂ ಕಾಲು ಒತ್ತುವ ಕೈಗಳು ನಿಂತವು. ಕಾಡಪ್ಪನವರು ಬಾಯಿ ತೆರೆದರು. ತೆರೆದ ಬಾಯಿಯ ಹಿಂದೆ ಮುತ್ಯಾ ತಾಳೆಗರಿ ಹಿಡಿದು ಆಗಲೇ ಸಿದ್ಧರಾಗಿ ನಿಂತಿದ್ದರು. ಪಕ್ಕದ ಚಾಪೆಯಲ್ಲಿ ರುದ್ರವ್ವ ಯಾರ ಮುಖವನ್ನೂ ನೋಡದೆ ಯಾರದೋ ಪಾದ ಒತ್ತುತ್ತಿದ್ದರು.

"ಏನಿಲ್ಲವ್ವಾ," ಎಂದರು ಕಾಡಪ್ಪನವರು. "ದಿನಾ ಎರಡ ಸಲ ಸಬಕಾರ ಹಚ್ಚಿ ಮುಖ ತೊಳೀತೀನಿ. ಅಷ್ಟ."

ಸಕ್ಕುಬಾಯಿ ತಲೆಯಾಡಿಸಿ ಇನ್ನೊಂದು ಕಾಲು ಚಾಚಿದಳು. ಅಷ್ಟರಲ್ಲಿ ಸಾಲಿನ ಆ ತುದಿಯಿಂದ ಭುಜಂಗರಾಯರು, ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡು ಫೋನ್ ತೆಗೆಯುತ್ತ ಎದ್ದು ಬಂದರು. ಅವರ ಹಿಂದೆ ಎ ಕಟ್ಟಡದ ಹೆಂಗಸರು, ಅವರ ಹಿಂದೆ ಶೈಲಾ. ಭುಜಂಗರಾಯರು ಬಹಳ ಮರ್ಯಾದೆಯಿಂದ ಬಗ್ಗಿ ಕೇಳಿದರು.

"ಕಾಡಪ್ಪ ಕಾಕಾ, ಯಾವ ಸಬಕಾರ?"